ಹಾಸಿಗೆ ಹಿಡಿದವರ ಮನೆಗೆ ಚರ್ಚ್‌ನಿಂದ ಸೇವಾ ತಂಡ: ಏನೇನು ಬೇಕು, ಎಲ್ಲಿ ಎಡವುತ್ತೇವೆ?

ವಾಳೆಯ ಗುರ್ಕಾರ್ (ದಕ್ಷಿಣ ಕನ್ನಡ)

ಎಲ್ಲರಿಗೂ ನಮಸ್ಕಾರ. ನಾನು ನಮ್ಮ ವಾಳೆಯ ಗುರ್ಕಾರ್, ಅಂದರೆ ಚರ್ಚ್‌ನ ಒಂದು ವಾರ್ಡಿನ ಮುಖಂಡ. ಫೆಬ್ರವರಿ 11ರ ವಿಶ್ವ ರೋಗಿಗಳ ದಿನಕ್ಕೆ ಹೆಚ್ಚಿನ ಚರ್ಚ್‌ಗಳಲ್ಲಿ ಬಲಿಪೂಜೆ, ರೋಗಿಗಳಿಗೆ ಅಭ್ಯಂಗ (ಎಣ್ಣೆ ಹಚ್ಚುವ ಸಂಸ್ಕಾರ), ಕೈಗೊಂದು ಸೇಬಿನ ಪೊಟ್ಟಣ, ಒಂದು ಗ್ರೂಪ್ ಫೋಟೋ. ಅಲ್ಲಿಗೆ ಮುಗಿಯಿತು. ಚರ್ಚ್‌ವರೆಗೆ ಬರಲಾಗದವರು ಆ ಫೋಟೋದಲ್ಲಿ ಇರುವುದೇ ಇಲ್ಲ. ಈ ಸಲ ನಮ್ಮ ಚರ್ಚ್ ಪಾಲನಾ ಮಂಡಳಿ ವರ್ಷವಿಡೀ ನಡೆಯುವ ಮನೆಭೇಟಿ ತಂಡ ಕಟ್ಟಲು ಒಪ್ಪಿದೆ. ಲಕ್ವ ಹೊಡೆದವರು, ಕ್ಯಾನ್ಸರ್ ಕೊನೆ ಹಂತದವರು, ಮರೆವಿನ ಕಾಯಿಲೆಯ ಹಿರಿಯರು, ಹುಟ್ಟಿನಿಂದ ಮಲಗಿದಲ್ಲೇ ಇರುವ ಮಕ್ಕಳು, ಎಲ್ಲರೂ ಪಟ್ಟಿಯಲ್ಲಿದ್ದಾರೆ.

ಜೀವದ ಬೆಲೆ ಬಗ್ಗೆ ಪ್ರವಚನ ಭಾನುವಾರ ಸಿಗುತ್ತದೆ, ಇಲ್ಲಿ ಅದು ಬೇಡ. ಮನೆಯೊಳಗೆ ಕಾಲಿಟ್ಟ ಮೇಲೆ ಕೈಯಿಂದ ಏನು ಮಾಡಬೇಕು, ಏನು ಮಾಡಬಾರದು ಎಂದು ತಿಳಿದವರು ಬರೆಯಿರಿ. ಧರ್ಮಸಭೆಯ ಬೋಧನೆಯ ಪ್ರಶ್ನೆಗಳೂ ಬರುತ್ತವೆ: ತೀವ್ರ ನೋವಿಗೆ ಕೊಡುವ ಮಾರ್ಫಿನ್, ಉಸಿರಾಟದ ಯಂತ್ರ ವೆಂಟಿಲೇಟರ್, ಊಟ ಹಾಕುವ ಮೂಗಿನ ಪೈಪು. ಅದನ್ನೂ ಇಲ್ಲೇ ಮಾತಾಡೋಣ.

---

ಮನೆಭೇಟಿ ನರ್ಸ್

ಮೊದಲು ತಂಡ. ವಾರಕ್ಕೆ ಎರಡು ಅರ್ಧ ದಿನ ಕೊಡಬಲ್ಲ ತರಬೇತಿ ಪಡೆದ ನರ್ಸ್ ಒಬ್ಬರು, ಫೋನಿನಲ್ಲಿ ಸಿಗುವ ವೈದ್ಯರೊಬ್ಬರು, ಆರರಿಂದ ಎಂಟು ಸ್ವಯಂಸೇವಕರು. ಇಷ್ಟಿದ್ದರೆ ಹದಿನೈದು ಇಪ್ಪತ್ತು ಮನೆ ನೋಡಬಹುದು. ನರ್ಸ್ ಇಲ್ಲದೆ ಶುರು ಮಾಡಬೇಡಿ. ಬರೀ ಉತ್ಸಾಹಿಗಳ ತಂಡಕ್ಕೆ ಮೊದಲ ಕೊಳೆತ ಹುಣ್ಣು ಕಂಡಾಗ ಏನೂ ತೋಚುವುದಿಲ್ಲ. ಮುಂದಿನ ವಾರ ಆ ಮನೆಗೆ ಹೋಗಲು ಅವರಿಗೇ ಮುಜುಗರ, ಕೊನೆಗೆ ಆ ಮನೆಯೇ ಪಟ್ಟಿಯಿಂದ ಜಾರಿಹೋಗುತ್ತದೆ.

ಚೀಲದಲ್ಲಿ ಇರಬೇಕಾದ್ದು: ಗ್ಲೌಸ್, ಗಾಜ್ ಬಟ್ಟೆ, ಪೇಪರ್ ಟೇಪ್, ಸಲೈನ್ ಬಾಟಲಿ, ಬಿಪಿ ಯಂತ್ರ, ಸಕ್ಕರೆ ನೋಡುವ ಯಂತ್ರ, ಥರ್ಮಾಮೀಟರ್, ಯೂರಿನ್ ಬ್ಯಾಗ್, ರಬ್ಬರ್ ಶೀಟ್, ಉಗುರು ಕತ್ತರಿ. ಜೊತೆಗೊಂದು ನೋಟ್‌ಬುಕ್. ಅದು ರೋಗಿಯ ಮನೆಯಲ್ಲೇ ಇರಬೇಕು, ಹೋದವರೆಲ್ಲ ಅದರಲ್ಲೇ ಬರೆಯಬೇಕು. ಇಲ್ಲವಾದರೆ ಮೂರು ಜನ ಮೂರು ಸಲಹೆ ಕೊಟ್ಟು ಬರುತ್ತಾರೆ, ಮನೆಯವರು ಯಾವುದನ್ನೂ ಮಾಡುವುದಿಲ್ಲ.

ಇನ್ನು ಹಾಸಿಗೆ ಹುಣ್ಣು. ಬೇರೆಲ್ಲ ಕೆಲಸಕ್ಕಿಂತ ಇದನ್ನು ತಡೆಯುವುದರಲ್ಲೇ ತಂಡದ ಅರ್ಧ ಸಾರ್ಥಕತೆ ಇದೆ. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹೋಗದೆ ಅದು ಸಾಯುತ್ತದೆ. ಸೊಂಟದ ಕೆಳಗಿನ ಮೂಳೆ, ಹಿಮ್ಮಡಿ, ಪಕ್ಕದ ಸೊಂಟ, ಮೊಣಕೈ, ತಲೆಯ ಹಿಂಭಾಗ, ಈ ಐದು ಕಡೆ ದಿನವೂ ನೋಡಬೇಕು. ಪುಸ್ತಕದಲ್ಲಿ 'ಕೆಂಪಾಗುತ್ತದೆ' ಎಂದಿರುತ್ತದೆ. ನಮ್ಮ ಮೈಬಣ್ಣಕ್ಕೆ ಆ ಕೆಂಪು ಕಾಣುವುದು ಕಡಿಮೆ. ಸುತ್ತಲಿಗಿಂತ ಬಿಸಿ ಇದೆಯೇ, ಗಟ್ಟಿಯಾಗಿದೆಯೇ, ನೇರಳೆ ಕಪ್ಪಾಗಿದೆಯೇ, ಮುಟ್ಟಿದರೆ ನೋಯುತ್ತದೆಯೇ ಎಂದು ಕೈಯಿಟ್ಟು ನೋಡಿ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಸೊಂಟದ ಮೂಳೆಯ ಮೇಲೆ ಭಾರ ಬಿದ್ದು ಅಲ್ಲೇ ಹುಣ್ಣಾಗುತ್ತದೆ. ಬೆನ್ನ ಹಿಂದೆ ದಿಂಬಿಟ್ಟು ಸುಮಾರು 30 ಡಿಗ್ರಿ ಓರೆ ಸಾಕು. ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಮೀನಖಂಡದ ಕೆಳಗೆ ದಿಂಬು. ಮೇಲಕ್ಕೆ ಸರಿಸುವಾಗ ಕಂಕುಳಿಗೆ ಕೈಹಾಕಿ ಎಳೆಯಬೇಡಿ, ಚರ್ಮ ಹಾಸಿಗೆಗೆ ಉಜ್ಜಿ ಕಿತ್ತುಬರುತ್ತದೆ. ಮಡಿಸಿದ ಬೆಡ್‌ಶೀಟನ್ನು ಅಡಿಗೆ ಹಾಕಿ, ಎರಡು ಕಡೆ ಇಬ್ಬರು ನಿಂತು ಎತ್ತಿ ಸರಿಸಿ.

ಕಪ್ಪಾದ ಜಾಗವನ್ನು ತಿಕ್ಕಬೇಡಿ, ಪೌಡರ್ ಸುರಿಯಬೇಡಿ. ಆಗಲೇ ಸೋತ ಚರ್ಮವನ್ನು ಮಸಾಜ್ ಇನ್ನಷ್ಟು ಹರಿಯುತ್ತದೆ, ಪೌಡರ್ ಬೆವರಿಗೆ ಸೇರಿ ಉಂಡೆಕಟ್ಟಿ ಮರಳಿನಂತೆ ಉಜ್ಜುತ್ತದೆ.

---

ಹೊಸಬ

ಹಿಮ್ಮಡಿ ಕೆಳಗೆ ಗ್ಲೌಸಿಗೆ ನೀರು ತುಂಬಿ ಇಡುತ್ತಾರಲ್ಲ? ಆಸ್ಪತ್ರೆಗಳಲ್ಲೂ ನೋಡಿದ್ದೇನೆ. ಕುಂಡೆ ಕೆಳಗೆ ಗಾಳಿ ತುಂಬಿದ ರಬ್ಬರ್ ರಿಂಗ್?

---

ಮನೆಭೇಟಿ ನರ್ಸ್

ಎರಡೂ ಬೇಡ. ಗ್ಲೌಸ್ ಚಿಕ್ಕದು, ಹಿಮ್ಮಡಿಯ ಭಾರ ಹಂಚಿಹೋಗುವುದೇ ಇಲ್ಲ. ರಿಂಗ್ ಮಧ್ಯದ ಭಾಗವನ್ನು ಉಳಿಸುವ ಹಾಗೆ ಕಾಣುತ್ತದೆ, ಆದರೆ ಸುತ್ತ ಒತ್ತಿ ಮಧ್ಯಕ್ಕೆ ಬರುವ ರಕ್ತವನ್ನೇ ತಡೆಯುತ್ತದೆ. ಹಣವಿದ್ದರೆ ಏರ್ ಬೆಡ್ ಕೊಳ್ಳಿ, ಒಂದು ಸಾಲು ಉಬ್ಬಿ ಇನ್ನೊಂದು ಸಾಲು ಇಳಿಯುವ ತರದ್ದು. ಅದರ ಮೇಲೆ ದಪ್ಪ ಕಂಬಳಿ ಹಾಸಿದರೆ ಕೊಂಡ ಪ್ರಯೋಜನ ಹೋಯಿತು, ಒಂದು ತೆಳು ಹೊದಿಕೆ ಸಾಕು. ಏರ್ ಬೆಡ್ ಇದ್ದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ. ಕರೆಂಟ್ ಹೋದಾಗ ಅದು ಚಪ್ಪಟೆಯಾಗುತ್ತದೆ ಎಂಬುದೂ ನೆನಪಿರಲಿ.

ಹುಣ್ಣು ಆಗಿಹೋಗಿದ್ದರೆ ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಸುರಿಯಬೇಡಿ. ನೊರೆ ಬಂದರೆ ಶುದ್ಧವಾಯಿತು ಅಂದುಕೊಳ್ಳುತ್ತಾರೆ, ಹೊಸದಾಗಿ ಹುಟ್ಟುವ ಮಾಂಸವೂ ಅದರಲ್ಲಿ ಸುಡುತ್ತದೆ. ಅರ್ಧ ಲೀಟರ್ ನೀರು ಚೆನ್ನಾಗಿ ಕುದಿಸಿ, ಮುಕ್ಕಾಲು ಟೀ ಚಮಚ ಉಪ್ಪು ಹಾಕಿ ಆರಿಸಿ. ಅದೇ ಸಲೈನ್. ಆ ದಿನದ್ದು ಆ ದಿನವೇ ಮುಗಿಯಬೇಕು. ಅಂಟಿದ ಗಾಜನ್ನು ಒಣಗಿದ ಹಾಗೇ ಕೀಳದೆ, ಸಲೈನಿನಲ್ಲಿ ನೆನೆಸಿ ಬಿಡಿಸಿ. ಕ್ಯಾನ್ಸರ್ ಹುಣ್ಣಿನ ದುರ್ವಾಸನೆಗೆ ಮೆಟ್ರೊನಿಡಜೋಲ್ ಮಾತ್ರೆ ಪುಡಿ ಮಾಡಿ ಉದುರಿಸುವ ಪದ್ಧತಿ ಇದೆ, ಅದನ್ನು ವೈದ್ಯರು ಹೇಳಿದರೆ ಮಾತ್ರ ಮಾಡಿ. ವಾಸನೆ ಸಣ್ಣ ವಿಷಯವಲ್ಲ. ವಾಸನೆಯಿಂದ ಮೊಮ್ಮಕ್ಕಳು ಕೋಣೆಗೆ ಬರುವುದು ನಿಲ್ಲುತ್ತದೆ.

---

ಮನೆಭೇಟಿ ನರ್ಸ್

ಮೇಲಿನದಕ್ಕೆ ಸೇರಿಸುವುದು: ಬಾಯಿ, ಹೊಟ್ಟೆ, ಪೈಪು.

ಬಾಯಿ: ಒಂದು ಲೋಟ ನೀರಿಗೆ ಕಾಲು ಚಮಚ ಅಡುಗೆ ಸೋಡ, ಕಾಲು ಚಮಚ ಉಪ್ಪು. ಬೆರಳಿಗೆ ಗಾಜ್ ಸುತ್ತಿ ದಿನಕ್ಕೆ ಮೂರು ನಾಲ್ಕು ಸಲ ಒರೆಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಸುರಿಯಬೇಡಿ. ನಾಲಿಗೆ ಮೇಲೆ ಮೊಸರಿನಂಥ ಬಿಳಿ ತೇಪೆ ಕಂಡರೆ ಅದು ಫಂಗಸ್. 'ಊಟ ಬೇಡ ಅಂತಾರೆ' ಎಂಬ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ, ವಾರದ ಔಷಧಿಗೆ ಹೋಗುತ್ತದೆ.

ಹೊಟ್ಟೆ: ನಾಲ್ಕೈದು ದಿನ ಮಲ ಹೋಗಿಲ್ಲ, ಆಮೇಲೆ ಸ್ವಲ್ಪ ಸ್ವಲ್ಪ ನೀರಾಗಿ ಸೋರುತ್ತಿದೆ ಎಂದರೆ ಅದನ್ನು ಭೇದಿ ಅಂದುಕೊಂಡು ಭೇದಿ ನಿಲ್ಲಿಸುವ ಮಾತ್ರೆ ಕೊಡುತ್ತಾರೆ. ಒಳಗೆ ಗಟ್ಟಿ ಮಲ ಕಟ್ಟಿಕೊಂಡು ಅದರ ಪಕ್ಕದಿಂದ ನೀರು ಸೋರುತ್ತಿರುತ್ತದೆ. ಮಾತ್ರೆ ಕೊಟ್ಟರೆ ಇನ್ನೂ ಕಟ್ಟುತ್ತದೆ. ನರ್ಸ್ ಗ್ಲೌಸ್ ಹಾಕಿ ಬೆರಳಿನಿಂದ ಪರೀಕ್ಷಿಸಬೇಕು.

ಮೂಗಿನ ಪೈಪು: ಮೂಗಿನ ಹತ್ತಿರ ಪೈಪಿನ ಮೇಲೆ ಪೆನ್ನಿನಲ್ಲಿ ಗುರುತು ಹಾಕಿಡಿ. ಗುರುತು ಹೊರಗೆ ಜಾರಿದ್ದರೆ ಏನೂ ಹಾಕದೆ ನರ್ಸ್‌ಗೆ ಫೋನ್ ಮಾಡಿ. ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತರವಿರಬೇಕು. ಒಂದು ಸಲಕ್ಕೆ 200ರಿಂದ 250 ಮಿಲಿ, ಸಿರಿಂಜಿನ ದಂಡದಿಂದ ತಳ್ಳದೆ ತಾನಾಗಿ ಇಳಿಯಲು ಬಿಡಿ, ಹದಿನೈದು ಇಪ್ಪತ್ತು ನಿಮಿಷ ಹಿಡಿಯಲಿ. ಮುಂಚೆಯೂ ಆಮೇಲೂ ಸುಮಾರು 30 ಮಿಲಿ ನೀರು. ಮುಗಿದ ಮೇಲೆ ಒಂದು ಗಂಟೆ ಅದೇ ಭಂಗಿ. ರಾಗಿ ಗಂಜಿ ಒಳ್ಳೆಯದೇ, ಆದರೆ ಬಟ್ಟೆಯಲ್ಲಿ ಸೋಸದಿದ್ದರೆ ಪೈಪು ಕಟ್ಟುತ್ತದೆ.

ಮೂತ್ರದ ಪೈಪು: ಬ್ಯಾಗ್ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗೆ, ನೆಲಕ್ಕೆ ತಾಗದಂತೆ ಇರಬೇಕು. ಮಗ್ಗುಲು ಬದಲಿಸುವಾಗ ಬ್ಯಾಗನ್ನು ಹೊಟ್ಟೆ ಮೇಲೆ ಇಡುತ್ತಾರಲ್ಲ, ಆಗ ಹಳೆ ಮೂತ್ರ ವಾಪಸ್ ಒಳಕ್ಕೆ ಹೋಗುತ್ತದೆ. ಜ್ವರ, ನಡುಕದ ಮೂಲ ಬಹಳ ಸಲ ಇಲ್ಲೇ. ಪೈಪು ಹಾಕುವುದು, ತೆಗೆಯುವುದು ಸ್ವಯಂಸೇವಕರ ಕೆಲಸವಲ್ಲ.

---

ಹುಬ್ಬಳ್ಳಿ ಸಭೆಯವ

ನರ್ಸ್ ಅಕ್ಕಾರು ಮೈಯ್ಯಿಂದು ಹೇಳ್ಯಾರ. ನಾ ಬಾಯಿಂದು ಹೇಳ್ತೀನ್ರಿ. ನಮ್ಮ ಸಭೆಗಳೊಳಗ ಮನೆಭೇಟಿ ಅಂದ್ರ ಹತ್ತು ಮಂದಿ ಒಮ್ಮೆಲೇ ನುಗ್ಗಿ, ಒಂದು ತಾಸು ಗಟ್ಟಿ ದನಿಲೇ ಪ್ರಾರ್ಥನಿ ಮಾಡಿ, ಚಾ ಕುಡಿದು ಬರೋದು. ರೋಗಿ ದಣಿದು ಹೋಗಿರ್ತಾನ, ಮನಿ ಹೆಣ್ಣಮಗಳು ಚಾ ಮಾಡಿ ಮಾಡಿ ಇನ್ನೂ ದಣಿದಿರ್ತಾಳ. ಇಬ್ಬರಿಗಿಂತ ಹೆಚ್ಚು ಹೋಗಬಾರದು, ಒಬ್ಬರೂ ಹೋಗಬಾರದು. ಮೊದಲ ಫೋನ್ ಮಾಡಬೇಕು. ಅರ್ಧ ತಾಸು ಸಾಕು. ಚಾ ಬ್ಯಾಡ ಅಂತ ಫೋನಿನ್ಯಾಗ ಹೇಳಿಬಿಡ್ರಿ.

ಹೇಳಬಾರದ ಮಾತು ಹೇಳ್ತೀನಿ: 'ದೇವರು ಪರೀಕ್ಷಾ ಮಾಡಾಕತ್ತಾನ', 'ನಂಬಿಕಿ ಕಡಿಮಿ ಆಗೇತಿ', 'ಯಾವುದೋ ಪಾಪದ ಫಲ'. ಹುಟ್ಟುಕುರುಡನ್ನ ನೋಡಿ ಶಿಷ್ಯರು ಯಾರ ಪಾಪ ಅಂತ ಕೇಳಿದಾಗ, ಇವನದೂ ಅಲ್ಲ, ತಂದಿ ತಾಯಿದೂ ಅಲ್ಲ ಅಂದ ಯೇಸು. ಯೋಹಾನ 9ನೇ ಅಧ್ಯಾಯ. ಅಷ್ಟು ನೇರ ಉತ್ತರ ಇದ್ರೂ ನಮ್ಮ ಮಂದಿ ಆ ಪ್ರಶ್ನಿ ಬಿಟ್ಟಿಲ್ಲ.

ಸಮಾರ್ಯದವನ ಕಥಿನೂ ಒಮ್ಮೆ ಕೆಲಸದ ಪಟ್ಟಿ ಹಂಗ ಓದ್ರಿ, ಲೂಕ 10. ಗಾಯಕ್ಕ ಎಣ್ಣಿ, ದ್ರಾಕ್ಷಾರಸ ಹೊಯ್ದ, ಕಟ್ಟಿದ, ತನ್ನ ಪ್ರಾಣಿ ಮ್ಯಾಲ ಕೂಡಿಸಿದ, ಛತ್ರಕ್ಕ ಒಯ್ದ, ರಾತ್ರಿ ಆರೈಕಿ ಮಾಡಿದ. ಮರುದಿನ ಎರಡು ದೆನಾರಿ ಕೊಟ್ಟ. ಒಂದು ದೆನಾರಿ ಅಂದ್ರ ಒಬ್ಬ ಆಳಿನ ಒಂದು ದಿನದ ಕೂಲಿ. ಹೆಚ್ಚು ಖರ್ಚಾದ್ರ ಬಂದು ತೀರಿಸ್ತೀನಿ ಅಂದ. ಗಾಯಾಳಿಗೆ ಒಂದು ಮಾತಾದ್ರೂ ಬೋಧನಿ ಮಾಡಿದ ಅಂತ ಆ ಕಥಿಯೊಳಗ ಇಲ್ಲ. ಅವನ ಜಾತಿ ಯಾವುದು ಅಂತ ಕೇಳಿದ್ದೂ ಇಲ್ಲ.

ಅದಕ್ಕ ಹಿಂದೂ, ಮುಸ್ಲಿಂ ಮನಿಗೂ ಹೋಗ್ರಿ. ಅಲ್ಲಿ ಅವರು ಕೇಳದ ಹೊರತು ಪ್ರಾರ್ಥನಿ ಬ್ಯಾಡ, ಕರಪತ್ರ ಬ್ಯಾಡ. ಊರಾಗ ಸಂಶಯ ಬರ್ತೈತಿ ಅನ್ನೋದು ಒಂದು ಕಾರಣ ಖರೆ. ಅದಕ್ಕಿಂತ ದೊಡ್ಡ ಕಾರಣ, ಎದ್ದು ಹೊರಗ ಹೋಗಾಕ ಬರದವನ ಮುಂದ ಕೂತು ಬೋಧನಿ ಮಾಡೋದು ನ್ಯಾಯ ಅಲ್ಲ.

---

ವಾಳೆಯ ಗುರ್ಕಾರ್ (ದಕ್ಷಿಣ ಕನ್ನಡ)

ಫೋಟೋ ಬಗ್ಗೆಯೂ ನಿಯಮ ಬೇಕಲ್ಲ? ವೀಲ್‌ಚೇರ್ ಕೊಟ್ಟ ದಾನಿಗಳು ವಾಟ್ಸಾಪ್ ಗ್ರೂಪಿಗೆ ಫೋಟೋ ಕೇಳುತ್ತಾರೆ.

---

ಹುಬ್ಬಳ್ಳಿ ಸಭೆಯವ

ವೀಲ್‌ಚೇರಿನ ಫೋಟೋ ತಗೀರಿ. ಅದರಾಗ ಕೂತವರದು ಬ್ಯಾಡ.

---

ಖಾರದ ಪ್ರಶ್ನೆ

ತಪ್ಪು ತಿಳಿಯಬೇಡಿ. ಕ್ಯಾನ್ಸರ್ ರೋಗಿಗಳಿಗೆ ಮಾರ್ಫಿನ್ ಕೊಡಿಸುತ್ತೀರಿ. ಅದು ಕೊಟ್ಟ ಮೇಲೆ ಉಸಿರು ನಿಧಾನವಾಗಿ ಬೇಗ ಸಾಯುತ್ತಾರೆ ಎನ್ನುತ್ತಾರೆ. 'ಕೊಲ್ಲಬೇಡ' ಎಂಬ ಆಜ್ಞೆಯನ್ನು ಪಾಲಿಸುವ ಚರ್ಚ್ ತಂಡವೇ ಅದನ್ನು ಮನೆಗೆ ತಲುಪಿಸುವುದು ಸರಿಯೇ? ನೋವನ್ನು ಕ್ರಿಸ್ತನ ಶಿಲುಬೆಗೆ ಅರ್ಪಿಸಬೇಕು ಎಂದೇ ನಾವು ಕಲಿತಿದ್ದು.

---

ನೋವು ವಿಭಾಗದ ವೈದ್ಯ

ಔಷಧಿಯ ಭಾಗಕ್ಕೆ ಉತ್ತರಿಸುತ್ತೇನೆ. ನೋವಿನ ತೀವ್ರತೆಗೆ ತಕ್ಕಂತೆ, ಸಣ್ಣ ಪ್ರಮಾಣದಿಂದ ಶುರುಮಾಡಿ ಏರಿಸುತ್ತ ಹೋದರೆ ಮಾರ್ಫಿನ್ ಉಸಿರು ನಿಲ್ಲಿಸುವುದಿಲ್ಲ. ಬೇಗ ಸಾಯುತ್ತಾರೆ ಎಂಬ ಮಾತು ಹುಟ್ಟುವುದು, ಕೊನೆಯ ವಾರದವರೆಗೆ ತಡಮಾಡಿ ಆಮೇಲೆ ಕೊಡುವುದರಿಂದ. ಸಾವು ಹತ್ತಿರವೇ ಇತ್ತು, ಅಪವಾದ ಮಾತ್ರೆಗೆ ಬಂತು.

ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಕೊಟ್ಟ ಏಣಿಯ ಕ್ರಮ: ಮೊದಲು ಪ್ಯಾರಸಿಟಮಾಲ್ ಥರದವು, ಸಾಲದಿದ್ದರೆ ಟ್ರಮಡಾಲ್ ಅಥವಾ ಕೋಡೀನ್, ಅದೂ ಸಾಲದಿದ್ದರೆ ಮಾರ್ಫಿನ್. ಬಾಯಿಯಿಂದ, ಗಡಿಯಾರ ನೋಡಿಕೊಂಡು. ಸಾಮಾನ್ಯ ಮಾರ್ಫಿನ್ ಮಾತ್ರೆಯ ಕೆಲಸ ಸುಮಾರು ನಾಲ್ಕು ಗಂಟೆ, ಹಾಗಾಗಿ ನಾಲ್ಕು ಗಂಟೆಗೊಮ್ಮೆ. ಹೊಸದಾಗಿ ಶುರು ಮಾಡುವವರಿಗೆ ಸಾಮಾನ್ಯವಾಗಿ 5 ಮಿಲಿಗ್ರಾಂ, ಅಂದರೆ 10ರ ಮಾತ್ರೆಯ ಅರ್ಧ. ತೀರಾ ವಯಸ್ಸಾದವರಿಗೆ, ಕಿಡ್ನಿ ತೊಂದರೆಯವರಿಗೆ ಇನ್ನೂ ಕಡಿಮೆ, ಅಂತರ ಇನ್ನೂ ಹೆಚ್ಚು. ಇದನ್ನು ನಿರ್ಧರಿಸುವುದು ವೈದ್ಯರು. ತಂಡಕ್ಕೆ ಗೊತ್ತಿರಬೇಕೆಂದು ಮಾತ್ರ ಬರೆಯುತ್ತಿದ್ದೇನೆ.

ಎಡವುವುದು ಎಲ್ಲಿ?

'ನೋವು ಬಂದಾಗ ಕೊಡೋಣ' ಎಂದು ಮನೆಯವರು ಕಾಯುತ್ತಾರೆ. ಬಂದ ನೋವನ್ನು ಅಟ್ಟಲು ಹೆಚ್ಚು ಔಷಧಿ ಬೇಕಾಗುತ್ತದೆ. ಲಂಡನ್ನಿನ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸನ್ನು (ಕೊನೆ ಹಂತದ ರೋಗಿಗಳ ಆರೈಕೆ ಕೇಂದ್ರ) 1967ರಲ್ಲಿ ತೆರೆದ ಸಿಸಿಲಿ ಸಾಂಡರ್ಸ್ ಒತ್ತಿ ಹೇಳಿದ್ದು ಇದನ್ನೇ: ನೋವು ಮರಳುವ ಮುಂಚೆಯೇ ಮುಂದಿನ ಡೋಸ್. ಆಕೆ ನರ್ಸ್ ಆಗಿ, ಆಸ್ಪತ್ರೆಯ ಸಮಾಜ ಸೇವಕಿಯಾಗಿ, ಆಮೇಲೆ ವೈದ್ಯೆಯಾದವರು. ಅದನ್ನೆಲ್ಲ ಕ್ರೈಸ್ತ ಕರೆ ಎಂದೇ ತಿಳಿದವರು.

ಎರಡನೆಯದು ಮಲಬದ್ಧತೆ. ವಾಕರಿಕೆ ಕೆಲವು ದಿನಗಳಲ್ಲಿ ಹೋಗುತ್ತದೆ, ಮಂಪರು ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಮಲಬದ್ಧತೆ ಮಾತ್ರ ಔಷಧಿ ಇರುವವರೆಗೂ ಇರುತ್ತದೆ. ಮೊದಲ ದಿನದಿಂದಲೇ ಮಲ ಸಡಿಲಿಸುವ ಬಿಸಾಕೊಡಿಲ್ ಅಥವಾ ಸೆನ್ನ ಬರೆಯದ ಚೀಟಿ ಅರ್ಧ ಚೀಟಿ. ಹೊಟ್ಟೆ ಕಟ್ಟಿದ ಸಂಕಟಕ್ಕೆ ರೋಗಿಯೇ ಮಾರ್ಫಿನ್ ಬಿಟ್ಟುಬಿಡುತ್ತಾನೆ, ನೋವು ಮರಳುತ್ತದೆ, ಔಷಧಿ ಕೆಲಸ ಮಾಡಲಿಲ್ಲ ಎಂದು ಊರಿಗೆಲ್ಲ ಸುದ್ದಿ.

ಮೂರನೆಯದು ನಿಜಕ್ಕೂ ಅಪಾಯದ್ದು. ನಿಧಾನವಾಗಿ ಕರಗುವ ಎಸ್ಆರ್ ಮಾತ್ರೆಯನ್ನು ನುಂಗಲಾಗದವರಿಗೆ ಪುಡಿ ಮಾಡಿ ಪೈಪಿನಲ್ಲಿ ಹಾಕುವುದು. ಹನ್ನೆರಡು ಗಂಟೆಯ ಔಷಧಿ ಒಮ್ಮೆಲೇ ರಕ್ತಕ್ಕೆ ಇಳಿಯುತ್ತದೆ. ಎಬ್ಬಿಸಿದರೂ ಏಳದ ನಿದ್ದೆ, ಸೂಜಿಮೊನೆಯಷ್ಟಾದ ಕಣ್ಣಿನ ಪಾಪೆ, ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಉಸಿರು ಕಂಡರೆ ಮುಂದಿನ ಡೋಸ್ ನಿಲ್ಲಿಸಿ ತಕ್ಷಣ ವೈದ್ಯರನ್ನು ಕರೆಯಿರಿ.

ಮೆಡಿಕಲ್ ಶಾಪ್‌ಗಳಲ್ಲಿ ಮಾರ್ಫಿನ್ ಸುಲಭವಾಗಿ ಸಿಗುವುದಿಲ್ಲ. 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ಐದಾರು ಲೈಸೆನ್ಸ್‌ಗಳ ರಗಳೆಗೆ ಆಸ್ಪತ್ರೆಗಳು ಇಡುವುದನ್ನೇ ಬಿಟ್ಟವು. 2014ರ ತಿದ್ದುಪಡಿ ಅದನ್ನು ಸರಳಗೊಳಿಸಿತು, ಮಾನ್ಯತೆ ಪಡೆದ ಸಂಸ್ಥೆಗಳು ಈಗ ಒಂದೇ ಅನುಮತಿಯಲ್ಲಿ ಇಟ್ಟುಕೊಳ್ಳಬಹುದು. ತಂಡ ಕಟ್ಟುವ ಮೊದಲೇ ನಿಮ್ಮ ಹತ್ತಿರ ಅಂಥ ಆಸ್ಪತ್ರೆ ಯಾವುದು ಎಂದು ಗೊತ್ತು ಮಾಡಿಕೊಳ್ಳಿ. ನೋವು ಭಾನುವಾರ ರಾತ್ರಿ ಬರುತ್ತದೆ, ಹುಡುಕಾಟ ಸೋಮವಾರ ಶುರುವಾದರೆ ತಡ.

---

ಕ್ಯಾನನ್ ಓದುಗ

ಬೋಧನೆಯ ಭಾಗ ನನ್ನದು. ಈ ಪ್ರಶ್ನೆಯನ್ನು ಅರಿವಳಿಕೆ ತಜ್ಞರು 1957ರ ಫೆಬ್ರವರಿಯಲ್ಲಿ ನೇರವಾಗಿ ಪೋಪ್ 12ನೇ ಭಕ್ತಿನಾಥರ, ಅಂದರೆ ಪಿಯುಸ್ ಅವರ ಮುಂದಿಟ್ಟಿದ್ದರು. ಬೇರೆ ದಾರಿ ಇಲ್ಲದಿದ್ದರೆ, ಆಯಸ್ಸು ಸ್ವಲ್ಪ ಕಡಿಮೆಯಾಗುವ ಸಂಭವ ಇದ್ದರೂ ನೋವು ಶಮನಕ್ಕೆ ಔಷಧಿ ಕೊಡಬಹುದು ಎಂದು ಅವರು ಉತ್ತರಿಸಿದರು. ಉದ್ದೇಶ ನೋವು ಇಳಿಸುವುದಾಗಿರಬೇಕು, ಸಾವನ್ನು ಬಯಸಿರಬಾರದು. ಕಥೋಲಿಕ ಧರ್ಮೋಪದೇಶದ 2279ನೇ ಪರಿಚ್ಛೇದದಲ್ಲೂ ಅದೇ ಇದೆ. ಮೇಲೆ ವೈದ್ಯರು ಹೇಳಿದಂತೆ ಸರಿಯಾದ ಪ್ರಮಾಣದಲ್ಲಿ ಆ ಸಂಭವವೇ ತೀರ ಕಡಿಮೆ.

ನೋವನ್ನು ಅರ್ಪಿಸುವುದು ರೋಗಿಯ ಸ್ವಂತ ನಿರ್ಧಾರ. ಒಬ್ಬರು ಪ್ರಜ್ಞೆಯಿಂದಿರಲು ಮಾತ್ರೆ ಕಡಿಮೆ ಕೇಳಿದರೆ ಗೌರವಿಸಬೇಕು. ಪಕ್ಕದಲ್ಲಿ ನಿಂತವರು ಇನ್ನೊಬ್ಬರ ನೋವನ್ನು ದೇವರಿಗೆ ಅರ್ಪಿಸಲು ಬರುವುದಿಲ್ಲ. ಅದು ಭಕ್ತಿಯೂ ಅಲ್ಲ.

---

ಗಲ್ಫ್ ಮಗಳು

ನಾನು ಕುವೈತಿನಿಂದ ಬರೆಯುತ್ತಿದ್ದೇನೆ. ಇಲ್ಲಿರುವ ನಮ್ಮಂಥವರೆಲ್ಲ ಫೋನಿನಲ್ಲೇ ಉತ್ತರಿಸಬೇಕಾದ ಪ್ರಶ್ನೆ ಇದು. ಊರಿನ ಆಸ್ಪತ್ರೆಯಿಂದ 'ವೆಂಟಿಲೇಟರ್ ಹಾಕಬೇಕು, ಒಪ್ಪಿಗೆ ಕೊಡಿ' ಎಂದಾಗ ಬೇಡ ಅಂದರೆ ಪಾಪವೇ? ಹಾಕಿದ್ದನ್ನು ತೆಗೆಯಿರಿ ಅಂದರೆ ಕೊಲೆಯೇ?

---

ಕ್ಯಾನನ್ ಓದುಗ

ಎರಡಕ್ಕೂ ಒಂದೇ ಅಳತೆಗೋಲು. ಜೀವ ಉಳಿಸಿಕೊಳ್ಳುವ ಸಾಧಾರಣ ಕ್ರಮ ಕಡ್ಡಾಯ. ಸಿಗುವ ಪ್ರಯೋಜನಕ್ಕೆ ಹೋಲಿಸಿದರೆ ಮಿತಿಮೀರಿದ ಭಾರ ಹೊರಿಸುವ ಕ್ರಮ ಕಡ್ಡಾಯವಲ್ಲ. ಇದು ಯಂತ್ರಗಳ ಕಾಲದ ಹೊಸ ಸಡಿಲಿಕೆ ಎಂದುಕೊಳ್ಳಬೇಡಿ. 16ನೇ ಶತಮಾನದ ಸ್ಪೇನಿನ ದೈವಶಾಸ್ತ್ರಜ್ಞ ಫ್ರಾನ್ಸಿಸ್ಕೊ ದೆ ವಿತೋರಿಯ ಆಗಲೇ ಇದನ್ನು ಚರ್ಚಿಸಿದ್ದಾರೆ. ಕೋಳಿಮಾಂಸದಂಥ ದುಬಾರಿ ಊಟದಿಂದ ಆಯಸ್ಸು ಹೆಚ್ಚುತ್ತದೆ ಎಂದು ವೈದ್ಯ ಹೇಳಿದರೂ, ಅದನ್ನೇ ತಿನ್ನಬೇಕೆಂಬ ಕಟ್ಟಳೆ ಇಲ್ಲ ಎಂಬುದು ಅವರ ನಿಲುವು. 1957ರ ನವೆಂಬರಿನಲ್ಲಿ ಅದೇ ಪೋಪ್ ಉಸಿರಾಟದ ಯಂತ್ರದ ವಿಷಯದಲ್ಲಿ ಈ ತತ್ತ್ವವನ್ನೇ ಅನ್ವಯಿಸಿದರು.

ಆದ್ದರಿಂದ ಆಸ್ಪತ್ರೆಗೆ ಕೇಳಬೇಕಾದ್ದು: ಈ ಯಂತ್ರ ಯಾವುದಕ್ಕಾಗಿ? ನ್ಯುಮೋನಿಯಾ ವಾಸಿಯಾಗುವವರೆಗೆ ಕೆಲವು ದಿನದ ಆಸರೆಯೇ, ಅಥವಾ ಮೂಲ ಕಾಯಿಲೆ ಮರಳಲಾರದ ಹಂತ ತಲುಪಿ ಸಾವನ್ನು ಮುಂದೂಡುವುದಷ್ಟೆಯೇ? ಮೊದಲನೆಯದಾದರೆ ವಯಸ್ಸು 80 ಎಂಬ ಒಂದೇ ಕಾರಣಕ್ಕೆ ಬೇಡ ಅನ್ನುವುದು ತಪ್ಪು. ಎರಡನೆಯದಾದರೆ ಬೇಡ ಎನ್ನಬಹುದು, ಹಾಕಿದ್ದನ್ನು ತೆಗೆಸಲೂಬಹುದು. ಅಲ್ಲಿ ಸಾಯಿಸುವುದು ಕಾಯಿಲೆ.

ಮೂಗಿನ ಪೈಪಿನ ಊಟ, ನೀರು ಬೇರೆ ವಿಚಾರ. ಅದನ್ನು ಚಿಕಿತ್ಸೆಗಿಂತ ಆರೈಕೆಯ ಭಾಗವೆಂದು ಪೋಪ್ ಎರಡನೇ ಜಾನ್ ಪೌಲ್ 2004ರಲ್ಲಿ ಹೇಳಿದರು, ವ್ಯಾಟಿಕನ್ನಿನ 2020ರ 'ಸಮಾರಿತಾನುಸ್ ಬೋನುಸ್' ಪತ್ರವೂ ಹಾಗೇ ಹೇಳುತ್ತದೆ. ಪ್ರಜ್ಞೆ ಮರಳದು ಎಂಬುದೊಂದೇ ಊಟ ನಿಲ್ಲಿಸಲು ಕಾರಣವಾಗದು. ದೇಹ ಅದನ್ನು ಅರಗಿಸಿಕೊಳ್ಳಲಾರದ ಸ್ಥಿತಿ ಬಂದರೆ ಮಾತ್ರ ಆ ಕರ್ತವ್ಯ ಮುಗಿಯುತ್ತದೆ.

---

ನೋವು ವಿಭಾಗದ ವೈದ್ಯ

ಕೊನೆಯ ಸಾಲು ಮನೆಗಳಲ್ಲಿ ಹೇಗೆ ಕಾಣುತ್ತದೆಂದರೆ: ಕೊನೆಯ ದಿನಗಳಲ್ಲಿ ಹಸಿವೆ, ಬಾಯಾರಿಕೆ ತಾವಾಗಿಯೇ ಇಳಿಯುತ್ತವೆ. ಬಲವಂತದ ಗಂಜಿ ಶ್ವಾಸಕೋಶಕ್ಕೆ ಹೋಗುತ್ತದೆ, ಡ್ರಿಪ್ ಹಾಕಿದರೆ ಕೈಕಾಲು ಊದುತ್ತದೆ, ಗಂಟಲಿನ ಗೊರಗೊರ ಹೆಚ್ಚುತ್ತದೆ. ಒಂದು ಪಕ್ಕಕ್ಕೆ ವಾಲಿಸಿ ಮಲಗಿಸಿ, ತುಟಿ ಒದ್ದೆ ಮಾಡುತ್ತಿರಿ. 'ಉಪವಾಸ ಸಾಯಿಸಿದಿರಿ' ಎಂದು ದೂರದ ನೆಂಟರು ಅನ್ನುತ್ತಾರೆ. ಅದಕ್ಕೆ ಮುಂಚೆಯೇ ಮನೆಯವರನ್ನು ಕೂರಿಸಿ ಇದನ್ನು ವಿವರಿಸುವುದು ತಂಡದ ಕೆಲಸ.

---

ಖಾರದ ಪ್ರಶ್ನೆ

ಇದೆಲ್ಲ ದಯಾಮರಣಕ್ಕೆ ಹಿಂಬಾಗಿಲು ಅನ್ನಿಸುತ್ತದೆ. ಇವತ್ತು ವೆಂಟಿಲೇಟರ್, ನಾಳೆ ಇಂಜೆಕ್ಷನ್. ಕಾನೂನೂ ಈಗ ಒಪ್ಪಿದೆಯಂತೆ, ಅದೂ ಕರ್ನಾಟಕದಲ್ಲಿ?

---

ಕಾನೂನು ಕಟ್ಟೆ

ಸುದ್ದಿಯ ತಲೆಬರಹ ಓದಿ ಹಾಗನ್ನಿಸುತ್ತದೆ. ಇಂಜೆಕ್ಷನ್ ಕೊಟ್ಟು ಸಾಯಿಸುವುದು ಭಾರತದಲ್ಲಿ ಇವತ್ತಿಗೂ ಅಪರಾಧವೇ. ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಕಾಮನ್ ಕಾಸ್ ಪ್ರಕರಣದಲ್ಲಿ ಒಪ್ಪಿದ್ದು, ವಾಸಿಯಾಗುವ ಭರವಸೆ ಇಲ್ಲದವರ ಜೀವರಕ್ಷಕ ಚಿಕಿತ್ಸೆಯನ್ನು ತಡೆಹಿಡಿಯುವುದನ್ನು ಅಥವಾ ಹಿಂತೆಗೆಯುವುದನ್ನು. ಆಗಿನ ವಿಧಾನ ಎಷ್ಟು ಜಟಿಲವಾಗಿತ್ತೆಂದರೆ ಬಳಸಲಾಗುತ್ತಿರಲಿಲ್ಲ. 2023ರ ಜನವರಿಯಲ್ಲಿ ಕೋರ್ಟೇ ಸರಳಗೊಳಿಸಿತು. ಕರ್ನಾಟಕ ಆರೋಗ್ಯ ಇಲಾಖೆ 2025ರ ಜನವರಿ 30ರ ಸುತ್ತೋಲೆಯಲ್ಲಿ ಅದನ್ನು ಜಾರಿಗೊಳಿಸುವ ಕ್ರಮ ಹೇಳಿದೆ.

ಈಗಿನ ಕ್ರಮ ಹೀಗಿದೆ. 18 ತುಂಬಿದ, ಸ್ವಸ್ಥ ಮನಸ್ಸಿನ ಯಾರೇ ಆಗಲಿ ಮುಂಚಿತ ವೈದ್ಯಕೀಯ ನಿರ್ದೇಶನ, ಅಂದರೆ ಮುಂದೆ ತಾನೇ ಹೇಳಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬ ಪತ್ರ ಬರೆದಿಡಬಹುದು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ, ತನ್ನ ಪರವಾಗಿ ಮಾತಾಡುವವರ ಹೆಸರು. ಕಾಲ ಬಂದಾಗ ಆಸ್ಪತ್ರೆಯ ಪ್ರಾಥಮಿಕ ಮಂಡಳಿ ನೋಡಬೇಕು: ಚಿಕಿತ್ಸೆ ಕೊಡುವ ವೈದ್ಯರು, ಜೊತೆಗೆ ಕನಿಷ್ಠ ಐದು ವರ್ಷ ಅನುಭವದ ಇಬ್ಬರು ತಜ್ಞರು. ಅದರ ಮೇಲೆ ದ್ವಿತೀಯ ಮಂಡಳಿ, ಅದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ನೇಮಿಸಿದ ವೈದ್ಯರೊಬ್ಬರು ಇರುತ್ತಾರೆ. ಎರಡೂ ಸಾಧ್ಯವಾದಷ್ಟು 48 ಗಂಟೆಯೊಳಗೆ ತೀರ್ಮಾನಿಸಬೇಕು. ಜಾರಿಗೆ ಮುಂಚೆ ಮ್ಯಾಜಿಸ್ಟ್ರೇಟರಿಗೆ ಪ್ರತಿ ಹೋಗುತ್ತದೆ. ಪತ್ರ ಬರೆದಿಡದವರ ವಿಷಯದಲ್ಲಿ ಹತ್ತಿರದ ಬಂಧುಗಳ ಒಪ್ಪಿಗೆಯ ಮೇಲೆ ಇದೇ ಕ್ರಮ. ಮಂಡಳಿ ಒಪ್ಪದಿದ್ದರೆ ಹೈಕೋರ್ಟಿಗೆ ಹೋಗಬಹುದು.

ಕುವೈತಿನ ಸಹೋದರಿಯಂಥವರಿಗೆ: ಹಿರಿಯರು ಮಾತಾಡುವ ಸ್ಥಿತಿಯಲ್ಲಿರುವಾಗಲೇ ಬರೆಸಿ. ಮಕ್ಕಳು ನಾಲ್ಕು ದೇಶಗಳಲ್ಲಿದ್ದು ನಾಲ್ಕು ಅಭಿಪ್ರಾಯ ಹೇಳಿದರೆ ಐಸಿಯು ವೈದ್ಯರು ಯಂತ್ರ ಮುಂದುವರಿಸುವುದು ಬಿಟ್ಟು ಬೇರೇನೂ ಮಾಡಲಾರರು. ಪತ್ರದಲ್ಲಿ 'ಗುಣವಾಗುವ ಸಾಧ್ಯತೆ ಇರುವ ಚಿಕಿತ್ಸೆ ಬೇಕು' ಮತ್ತು 'ಊಟ, ನೀರು, ನೋವು ಶಮನ, ಆರೈಕೆ ನಿಲ್ಲಿಸಬಾರದು' ಎಂದು ಬರೆಸಿದರೆ ಮೇಲೆ ಹೇಳಿದ ಬೋಧನೆಗೂ ಹೊಂದುತ್ತದೆ.

---

ಖಾರದ ಪ್ರಶ್ನೆ

ಆಸ್ಪತ್ರೆ ಬಿಲ್ಲಿಗೆ ಹೆದರಿ ಮನೆಯವರು 'ಸಾಕು' ಅಂದರೆ? ಅದನ್ನು ಯಾವ ಮಂಡಳಿ ಹಿಡಿಯುತ್ತದೆ?

---

ಕ್ಯಾನನ್ ಓದುಗ

ಇದು ನ್ಯಾಯವಾದ ಭಯ. ವೆಚ್ಚ ಕುಟುಂಬಕ್ಕೆ ಹೊರಲಾಗದ ಭಾರವಾದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು ಎಂಬುದು ಹಳೆಯ ಬೋಧನೆಯೇ, ವಿತೋರಿಯ ಕೋಳಿ ಊಟದ ಮಾತಾಡಿದ್ದು ಅದಕ್ಕೇ. ಆದರೆ ಗುಣವಾಗಬಹುದಾದವರು ಬರೀ ದುಡ್ಡಿಲ್ಲದೆ ಸತ್ತರೆ ಆ ಲೆಕ್ಕ ಧರ್ಮಕೇಂದ್ರದ, ಅಂದರೆ ಊರ ಚರ್ಚ್‌ನ ಮೇಲೂ ಬರುತ್ತದೆ. ಬಡವರಿಗೆ ನೆರವಾಗಲು ಪ್ಯಾರಿಸ್ಸಿನಲ್ಲಿ 1833ರಲ್ಲಿ ಶುರುವಾದ ಸಂತ ವಿನ್ಸೆಂಟ್ ದಿ ಪೌಲ್ ಸಭೆಯ ಘಟಕ ನಮ್ಮ ಎಷ್ಟೋ ಚರ್ಚ್‌ಗಳಲ್ಲಿದೆ. ಹೊಸ ಗೋಪುರದ ಬಣ್ಣಕ್ಕೆ ಎತ್ತುವ ಚಂದಾದಲ್ಲಿ ಒಂದು ಪಾಲನ್ನು ತುರ್ತು ಚಿಕಿತ್ಸೆಗೆ ಅದರ ಕೈಗೆ ಕೊಡಿ ಎಂದು ಚರ್ಚ್ ಪಾಲನಾ ಮಂಡಳಿಯಲ್ಲಿ ಕೇಳುವುದಕ್ಕೆ ಏನಡ್ಡಿ?

---

ಸ್ಯಾಕ್ರಿಸ್ಟಿ ಸಹಾಯಕ

ಸಂಸ್ಕಾರಗಳ ಬಗ್ಗೆ ಯಾರೂ ಬರೆದಿಲ್ಲ, ಚಿಕ್ಕದಾಗಿ ಬರೆಯುತ್ತೇನೆ. ಎಣ್ಣೆ ಹಚ್ಚುವ ಸಂಸ್ಕಾರ ಸಾಯುವವರಿಗೆ ಮಾತ್ರ ಎಂಬ ನಂಬಿಕೆಯಿಂದ ಫಾದರ್ ಮನೆಗೆ ಬಂದರೆ ರೋಗಿ ಹೆದರುತ್ತಾನೆ. ಅದು ಗಂಭೀರ ಕಾಯಿಲೆ ಅಥವಾ ಮುಪ್ಪಿನ ಅಪಾಯ ಶುರುವಾದಾಗಲೇ ಪಡೆಯುವಂಥದ್ದು, ಕಾಯಿಲೆ ಬಿಗಡಾಯಿಸಿದರೆ ಮತ್ತೆ ಪಡೆಯಬಹುದು. ಕೊನೆಯ ಪಯಣಕ್ಕೆಂದು ಕೊಡುವುದು ಪರಮಪ್ರಸಾದ, ಅಂದರೆ ಬಲಿಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ. ನುಂಗಲು ಕಷ್ಟವಾದರೆ ಚಿಕ್ಕ ಚೂರನ್ನು ಒಂದು ಚಮಚ ನೀರಿನೊಂದಿಗೆ ಕೊಡಬಹುದು. ಅದೂ ಆಗದವರಿಗೆ ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಕೊಡಲು ಧರ್ಮಸಭೆಯ ಕಾನೂನಿನ 925ನೇ ವಿಧಿ (ಕ್ಯಾನನ್ 925) ಅವಕಾಶ ಕೊಡುತ್ತದೆ. ರೋಗಿಗೂ, ಅವರನ್ನು ನೋಡಿಕೊಳ್ಳುವವರಿಗೂ ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸದ ನಿಯಮ ಇಲ್ಲ.

ಮೇಜಿನ ಮೇಲೆ ಬಿಳಿ ಬಟ್ಟೆ, ಶಿಲುಬೆ, ಒಂದು ಲೋಟ ನೀರು, ಮೇಣದಬತ್ತಿ. ಕೋಣೆಯಲ್ಲಿ ಆಕ್ಸಿಜನ್ ಸಿಲಿಂಡರ್ ಅಥವಾ ಕಾನ್ಸಂಟ್ರೇಟರ್ ಓಡುತ್ತಿದ್ದರೆ ಮೇಣದಬತ್ತಿ ಹಚ್ಚಲೇಬೇಡಿ. ಹಾಸಿಗೆ, ಹೊದಿಕೆಯಲ್ಲಿ ಆಕ್ಸಿಜನ್ ತುಂಬಿಕೊಂಡಿರುತ್ತದೆ, ಒಂದು ಕಿಡಿ ಸಾಕು. ಎಣ್ಣೆ, ವ್ಯಾಸಲಿನ್ ಕೂಡ ಆ ಮಾಸ್ಕಿನ ಹತ್ತಿರ ಬೇಡ.

---

ಮನೆಭೇಟಿ ನರ್ಸ್

ಮೇಣದಬತ್ತಿಯ ಮಾತನ್ನು ದಪ್ಪ ಅಕ್ಷರದಲ್ಲಿ ಬರೆದು ಚೀಲಕ್ಕೇ ಅಂಟಿಸಿ.

ಇನ್ನೊಂದು: ನೋಡಿಕೊಳ್ಳುವವರನ್ನು ಯಾರೂ ನೋಡಿಕೊಳ್ಳುವುದಿಲ್ಲ. ಹೆಚ್ಚಿನ ಮನೆಗಳಲ್ಲಿ ಅದು ಸೊಸೆ ಅಥವಾ ಹೆಂಡತಿ. ವಾರಕ್ಕೊಮ್ಮೆ ಮೂರು ಗಂಟೆ ಇಬ್ಬರು ಸ್ವಯಂಸೇವಕರು ರೋಗಿಯ ಹತ್ತಿರ ಕೂತು ಅವರನ್ನು ಹೊರಗೆ ಕಳಿಸಿ. ಬ್ಯಾಂಕಿಗೋ ಪೂಜೆಗೋ ಹೋಗಲಿ, ನಿದ್ದೆಯನ್ನಾದರೂ ಮಾಡಲಿ. ರೋಗಿಯ ಮೇಲೆ ರೇಗುವುದು, ಊಟ ಕೊಡಲು ತಡವಾಗುವುದು, ಡೈಪರ್ ಬದಲಿಸದೆ ಬಿಡುವುದು ಶುರುವಾಗುವುದು ದಣಿವಿನಿಂದ. ಅಂಥ ಮನೆಗೆ ಉಪದೇಶ ಕೊಟ್ಟರೆ ಬಾಗಿಲು ಮುಚ್ಚಿಕೊಳ್ಳುತ್ತಾರೆ. ಪಾಳಿಗೆ ಜನ ಕೊಟ್ಟರೆ ಎರಡು ವಾರದಲ್ಲಿ ವ್ಯತ್ಯಾಸ ಕಾಣುತ್ತದೆ.

---

ವಾಳೆಯ ಗುರ್ಕಾರ್ (ದಕ್ಷಿಣ ಕನ್ನಡ)

ಎಲ್ಲರಿಗೂ ದೇವ್ ಬರೆಂ ಕರುಂ (ದೇವರು ಒಳ್ಳೆಯದು ಮಾಡಲಿ). ಇದನ್ನೆಲ್ಲ ಮುದ್ರಿಸಿ ಮುಂದಿನ ಸಭೆಗೆ ಒಯ್ಯುತ್ತೇನೆ. ಒಂದು ಪ್ರಶ್ನೆ ಉಳಿಯಿತು: ರೋಗಿ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದ ಮಾರ್ಫಿನ್, ಏರ್ ಬೆಡ್, ಯೂರಿನ್ ಬ್ಯಾಗ್‌ಗಳನ್ನು ಏನು ಮಾಡುವುದು? ಕೆಲವರು ಪಕ್ಕದ ಮನೆಯ ರೋಗಿಗೆ ಕೊಡುತ್ತಾರಂತೆ.

---

ನೋವು ವಿಭಾಗದ ವೈದ್ಯ

ಮಾರ್ಫಿನನ್ನು ಯಾರಿಗೂ ಕೊಡಬಾರದು, ನೋವು ಒಂದೇ ಥರ ಕಂಡರೂ. ಒಬ್ಬರ ಡೋಸ್ ಇನ್ನೊಬ್ಬರ ಉಸಿರು ನಿಲ್ಲಿಸಬಹುದು, ಕಾನೂನಿನ ತೊಂದರೆಯೂ ಇದೆ. ಮಾತ್ರೆ ಎಣಿಸಿ, ಮನೆಯವರ ಸಹಿ ಹಾಕಿಸಿ, ಕೊಟ್ಟ ಆಸ್ಪತ್ರೆಗೇ ವಾಪಸ್ ಮಾಡಿ ರಸೀದಿ ಪಡೆಯಿರಿ. ರೋಗಿ ಇರುವಾಗಲೂ ಮಕ್ಕಳ ಕೈಗೆಟುಕದಂತೆ ಬೀಗದ ಪೆಟ್ಟಿಗೆಯಲ್ಲಿರಲಿ.

ಏರ್ ಬೆಡ್ಡನ್ನು ಸೋಪು ನೀರಿನಲ್ಲಿ ತೊಳೆದು, ಬ್ಲೀಚಿಂಗ್ ದ್ರಾವಣದಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ ಇನ್ನೊಬ್ಬರಿಗೆ ಕೊಡಬಹುದು. ಯೂರಿನ್ ಬ್ಯಾಗ್, ಮೂಗಿನ ಪೈಪು, ಸಿರಿಂಜು ಮರುಬಳಕೆ ಬೇಡ. ಹಳ್ಳಿಯಲ್ಲಿ ತೋಟದ ಮೂಲೆಯಲ್ಲಿ ಸುಡುತ್ತಾರೆ, ಹಾಗೆ ಮಾಡದೆ ಕಟ್ಟಿ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಕೀಯ ಕಸಕ್ಕೆ ಸೇರಿಸಿ. ಅಲ್ಲಿಯವರ ಜೊತೆ ಈಗಲೇ ಮಾತಾಡಿಕೊಳ್ಳಿ. ಹೇಗೂ ತಂಡದ ವಿಷಯ ಅವರಿಗೆ ತಿಳಿಸಬೇಕಲ್ಲ.